ಅಂಗಾರಕನ ಮಣ್ಣು: ಜೀವಯೋಗ್ಯ ರಸಾಯನದ ಶೋಧವೂ ಕನ್ನಡದ ಪರಿಭಾಷೆಯೂ

1. ಪೀಠಿಕೆ

ಮಂಗಳ ಗ್ರಹಕ್ಕೆ ಭಾರತೀಯ ಪರಂಪರೆಯಲ್ಲಿ ಹಲವು ಹೆಸರುಗಳಿವೆ. ಕುಜ, ಭೌಮ ಎಂಬ ಹೆಸರುಗಳು ಅದನ್ನು ಭೂಮಿಯ ಮಗನೆಂದು ಕರೆಯುತ್ತವೆ. ಅಂಗಾರಕ ಎಂಬ ಹೆಸರು ಕೆಂಡದ ಬಣ್ಣವನ್ನು ಸೂಚಿಸುತ್ತದೆ. ಸಂಸ್ಕೃತದ 'ಅಂಗಾರ' ಪ್ರಾಕೃತದ ಮೂಲಕ ಹಾದು ಬಂದು ಕನ್ನಡದಲ್ಲಿ 'ಇಂಗಳ', 'ಇಂಗಾಲ' ಎಂಬ ರೂಪಗಳಲ್ಲಿ ನೆಲೆಗೊಂಡಿದೆ. ವಿಜ್ಞಾನದ ಪಠ್ಯಪುಸ್ತಕಗಳು ಈ ಇಂಗಾಲವನ್ನೇ ಒಂದು ಮೂಲವಸ್ತುವಿನ ಹೆಸರಾಗಿ ಸ್ವೀಕರಿಸಿವೆ. ಇದು ಕೇವಲ ಶಬ್ದಗಳ ಆಕಸ್ಮಿಕ ಕೂಟವೇ ಹೊರತು ಪ್ರಾಚೀನರಿಗೆ ಆ ಗ್ರಹದ ರಸಾಯನ ತಿಳಿದಿತ್ತೆಂಬುದಕ್ಕೆ ಆಧಾರವಲ್ಲ. ಆದರೂ ಆಧುನಿಕ ವಿಜ್ಞಾನವು ಮಂಗಳದ ನೆಲದಲ್ಲಿ ನಿಂತು ಕೇಳಿದ ಎರಡು ಮುಖ್ಯ ಪ್ರಶ್ನೆಗಳು ಈ ಹೆಸರುಗಳ ನೆರೆಯಲ್ಲಿಯೇ ಇವೆ. ಈ ಗ್ರಹ ಎಂದಾದರೂ ಭೂಮಿಯಂತೆ ಇತ್ತೆ? ಅದರ ಮಣ್ಣಿನಲ್ಲಿ ಇಂಗಾಲ ಯಾವ ರೂಪದಲ್ಲಿದೆ?

1976ರಿಂದ ಈಚೆಗೆ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಒಂದೇ ತೆರನಾಗಿಲ್ಲ. ಒಮ್ಮೆ 'ಇಲ್ಲ' ಎಂದು ಬಂದ ಉತ್ತರ ಮೂರು ದಶಕಗಳ ಅನಂತರ ಮರುವಿಚಾರಣೆಗೆ ಒಳಗಾಯಿತು. ಅದಕ್ಕೆ ಕಾರಣ ಮಂಗಳದಲ್ಲಾದ ಬದಲಾವಣೆಯಲ್ಲ. ಪ್ರಶ್ನೆಯನ್ನು ಕೇಳಿದ ಕ್ರಮದಲ್ಲಿ ಅಡಗಿದ್ದ ಒಂದು ಊಹೆ. ಈ ಚರಿತ್ರೆಯನ್ನು ಕ್ರಮವಾಗಿ ಪರಿಶೀಲಿಸುವುದು, ಅದನ್ನು ಕನ್ನಡದಲ್ಲಿ ಹೇಳಲು ಹೊರಟಾಗ 'ಸಾವಯವ' ಎಂಬ ಒಂದು ಪದ ಒಡ್ಡುವ ತೊಡಕನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವೈಕಿಂಗ್: ಆಹಾರ ನೀಡಿ ಕಾದ ಪ್ರಯೋಗ

ಅಮೆರಿಕದ ವೈಕಿಂಗ್-1 ನೌಕೆ 1976ರ ಜುಲೈ 20ರಂದು ಮಂಗಳದ ಕ್ರೈಸೆ ಬಯಲಿನಲ್ಲಿಯೂ ವೈಕಿಂಗ್-2 ಅದೇ ವರ್ಷದ ಸೆಪ್ಟೆಂಬರ್ 3ರಂದು ಯುಟೋಪಿಯ ಬಯಲಿನಲ್ಲಿಯೂ ಇಳಿದವು. ಎರಡರಲ್ಲಿಯೂ ಜೀವವನ್ನು ಹುಡುಕುವ ಮೂರು ಪ್ರಯೋಗಗಳಿದ್ದವು. ಇವುಗಳ ಜೊತೆಗೆ ಮಣ್ಣನ್ನು ಕಾಯಿಸಿ, ಹೊರಬಂದ ಅನಿಲಗಳನ್ನು ಬೇರ್ಪಡಿಸಿ, ಅವುಗಳ ಅಣುಗಳನ್ನು ಗುರುತಿಸುವ ನಾಲ್ಕನೆಯ ಉಪಕರಣವೊಂದಿತ್ತು. ಇದರ ಹೊಣೆ ಕ್ಲಾಸ್ ಬೀಮನ್ ಅವರದು.

ಮೂರು ಜೈವಿಕ ಪ್ರಯೋಗಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಗಿಲ್ಬರ್ಟ್ ಲೆವಿನ್ ರೂಪಿಸಿದ ಪ್ರಯೋಗ. ಫಾರ್ಮೇಟ್, ಗ್ಲೈಕೋಲೇಟ್, ಗ್ಲೈಸೀನ್, ಅಲನೀನ್, ಲ್ಯಾಕ್ಟೇಟ್ ಇವುಗಳನ್ನು ನೀರಿನಲ್ಲಿ ಕರಗಿಸಿ, ಆ ದ್ರಾವಣದ ಕೆಲವು ಹನಿಗಳನ್ನು ಮಣ್ಣಿಗೆ ಹಾಕುವುದು ಅದರ ವಿಧಾನ. ಈ ಪೋಷಕಗಳಲ್ಲಿದ್ದ ಇಂಗಾಲ ವಿಕಿರಣಶೀಲವಾಗಿತ್ತು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿದ್ದರೆ ಅವು ಪೋಷಕಗಳನ್ನು ಉಂಡು ವಿಕಿರಣಶೀಲ ಅನಿಲವನ್ನು ಹೊರಬಿಡಬೇಕು ಎಂಬುದು ನಿರೀಕ್ಷೆ. ಎರಡೂ ಸ್ಥಳಗಳಲ್ಲಿ ಅನಿಲ ಕೂಡಲೇ ಹೊರಬಂದಿತು. ಮಣ್ಣನ್ನು ಮೊದಲೇ 160 ಡಿಗ್ರಿ ಸೆಲ್ಸಿಯಸ್‌ಗೆ ಮೂರು ಗಂಟೆಗಳ ಕಾಲ ಕಾಯಿಸಿದಾಗ ಈ ಪ್ರತಿಕ್ರಿಯೆ ಇಲ್ಲವಾಯಿತು. ಸುಮಾರು 50 ಡಿಗ್ರಿಗೆ ಕಾಯಿಸಿದಾಗ ಬಹುಮಟ್ಟಿಗೆ ಕುಗ್ಗಿತು. ಜೀವವಿದ್ದರೆ ಹೀಗೆಯೇ ಆಗಬೇಕೆಂದು ಪ್ರಯೋಗಕ್ಕೆ ಮೊದಲೇ ನಿಗದಿಪಡಿಸಿದ್ದ ಲಕ್ಷಣಗಳಿಗೆ ಇವು ಹೊಂದುತ್ತಿದ್ದವು.

ಆದರೆ ಎರಡನೆಯ ಬಾರಿ ಪೋಷಕವನ್ನು ಹಾಕಿದಾಗ ಹೊಸದಾಗಿ ಅನಿಲ ಹೊಮ್ಮಲಿಲ್ಲ; ಮೊದಲು ಬಂದಿದ್ದುದರಲ್ಲಿಯೇ ಒಂದಂಶ ಮಣ್ಣಿಗೆ ಮರಳಿತು. ಉಂಡು ಬೆಳೆಯುವ ಜೀವಿಗಳಿದ್ದರೆ ಎರಡನೆಯ ಊಟಕ್ಕೆ ಪ್ರತಿಕ್ರಿಯೆ ಇನ್ನೂ ಹೆಚ್ಚಬೇಕಿತ್ತು. ಮತ್ತೊಂದು ಪ್ರಯೋಗದಲ್ಲಿ ಮಣ್ಣಿಗೆ ಕೇವಲ ನೀರಿನ ಆವಿ ತಗುಲಿದ ಮಾತ್ರಕ್ಕೆ ಆಮ್ಲಜನಕ ಹೊರಬಂದಿತು. ಇದು ಯಾವುದೋ ಉತ್ಕರ್ಷಣಕಾರಿ ಲವಣದ ನಡವಳಿಕೆಯಂತೆ ಕಾಣುತ್ತಿತ್ತೇ ವಿನಾ ಜೀವದ ನಡವಳಿಕೆಯಂತಲ್ಲ.

ನಿರ್ಣಾಯಕವಾದದ್ದು ಬೀಮನ್ ಅವರ ಉಪಕರಣದ ಸಾಕ್ಷ್ಯ. ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿದರೂ ಮಂಗಳಕ್ಕೆ ಸೇರಿದ್ದೆಂದು ಹೇಳಬಹುದಾದ ಯಾವ ಇಂಗಾಲ ಸಂಯುಕ್ತವೂ ಕಾಣಲಿಲ್ಲ. ಕಂಡದ್ದು ಕ್ಲೋರೋಮೀಥೇನ್ ಮತ್ತು ಡೈಕ್ಲೋರೋಮೀಥೇನ್ ಎಂಬ ಎರಡು ಸರಳ ಸಂಯುಕ್ತಗಳು ಮಾತ್ರ. ಇವು ಭೂಮಿಯಲ್ಲಿ ಉಪಕರಣವನ್ನು ಶುಚಿಗೊಳಿಸಲು ಬಳಸಿದ ದ್ರಾವಕಗಳ ಶೇಷವೆಂದು ಭಾವಿಸಲಾಯಿತು. ದೇಹವೇ ಇಲ್ಲದೆಡೆ ಜೀವ ಹೇಗಿದ್ದೀತು? ಲೆವಿನ್ ತಮ್ಮ ಪ್ರಯೋಗ ಜೀವವನ್ನು ಕಂಡಿತೆಂದು 2021ರಲ್ಲಿ ತೀರಿಕೊಳ್ಳುವವರೆಗೂ ವಾದಿಸುತ್ತಿದ್ದರಾದರೂ ವಿಜ್ಞಾನಿಗಳಲ್ಲಿ ಬಹುಮಂದಿ 'ಇಲ್ಲ' ಎಂಬ ತೀರ್ಮಾನವನ್ನೇ ಒಪ್ಪಿದರು.

ಈ ತೀರ್ಮಾನದಲ್ಲಿ ಒಂದು ವಿಚಿತ್ರವಿತ್ತು. ಉಲ್ಕೆಗಳ ಮೂಲಕ ಇಂಗಾಲ ಸಂಯುಕ್ತಗಳು ಎಲ್ಲ ಗ್ರಹಗಳ ಮೇಲೂ ಬೀಳುತ್ತಿರುತ್ತವೆ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕೆಯಲ್ಲಿ ಅಮೈನೋ ಆಮ್ಲಗಳೇ ದೊರೆತಿದ್ದವು. ಹಾಗಿರುವಾಗ ಕೋಟ್ಯಂತರ ವರ್ಷಗಳಿಂದ ಉಲ್ಕೆಗಳು ಬೀಳುತ್ತಿರುವ ಮಂಗಳದಲ್ಲಿ ಜೀವವಿಲ್ಲದಿದ್ದರೂ ಸ್ವಲ್ಪವಾದರೂ ಇಂಗಾಲ ಸಂಯುಕ್ತ ಇರಬೇಕಿತ್ತು. ಅದೂ ಕಾಣದೆ ಹೋದದ್ದೇಕೆ ಎಂಬ ಪ್ರಶ್ನೆ ಬಗೆಹರಿಯದೆ ಉಳಿಯಿತು.

3. ಫೀನಿಕ್ಸ್: ನೀರು ಹಾಕಿ ಕಲಕಿದ ಪ್ರಯೋಗ

2008ರ ಮೇ 25ರಂದು ಫೀನಿಕ್ಸ್ ಎಂಬ ನೌಕೆ ಮಂಗಳದ ಉತ್ತರ ಧ್ರುವಕ್ಕೆ ಸಮೀಪದ ಬಯಲಿನಲ್ಲಿ, ಸುಮಾರು 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇಳಿಯಿತು. ಅದು ಜೀವವನ್ನು ಹುಡುಕಲು ಹೋದ ನೌಕೆಯಲ್ಲ. ಅಲ್ಲಿಯ ಮಣ್ಣು ಹುಳಿಯೋ ಕ್ಷಾರವೋ, ಅದರಲ್ಲಿ ಯಾವ ಲವಣಗಳಿವೆ, ನೀರಿದೆಯೇ ಎಂಬಷ್ಟೇ ಅದರ ಪ್ರಶ್ನೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕೊಡುವ ರೈತನ ಪ್ರಶ್ನೆಗಿಂತ ಇದು ಬಹಳ ಬೇರೆಯಲ್ಲ.

ನೌಕೆಯ ತೋಳು ಅಗೆದ ಕಂದಕದಲ್ಲಿ ಬಿಳಿಯ ತುಣುಕುಗಳು ಕಂಡವು. ನಾಲ್ಕು ದಿನಗಳಲ್ಲಿ ಅವು ಮಾಯವಾದವು. ಉಪ್ಪಾಗಿದ್ದರೆ ಹಾಗೆ ಮಾಯವಾಗುತ್ತಿರಲಿಲ್ಲ. ಅದು ನೇರವಾಗಿ ಆವಿಯಾದ ನೀರ್ಗಲ್ಲು. ಅನಂತರ ಸುಮಾರು ಒಂದು ಘನ ಸೆಂಟಿಮೀಟರ್ ಮಣ್ಣನ್ನು ಒಂದು ಸಣ್ಣ ಪಾತ್ರೆಗೆ ಸುರಿದು, ಭೂಮಿಯಿಂದ ಒಯ್ದಿದ್ದ 25 ಮಿಲಿಲೀಟರ್ ದ್ರಾವಣದಲ್ಲಿ ಕಲಕಲಾಯಿತು. ಪಾತ್ರೆಯ ಗೋಡೆಗಳಲ್ಲಿ ಬೇರೆ ಬೇರೆ ಅಯಾನುಗಳನ್ನು ಗುರುತಿಸುವ ಸಂವೇದಕಗಳಿದ್ದವು. ಮಣ್ಣಿನ ಪಿಎಚ್ ಮೌಲ್ಯ ಸುಮಾರು 7.7 ಎಂದು ತಿಳಿಯಿತು. ಅಂದರೆ ಅದು ತುಸು ಕ್ಷಾರೀಯ. ಮೆಗ್ನೀಷಿಯಂ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್‌ಗಳು ಕರಗಿ ಬಂದವು. ಸುಣ್ಣಕಲ್ಲಿನ ಮುಖ್ಯ ದ್ರವ್ಯವಾದ ಕ್ಯಾಲ್ಸಿಯಂ ಕಾರ್ಬೋನೇಟ್ ಕೂಡ ಇತ್ತು. ಹಲವರು ಊಹಿಸಿದ್ದಂತೆ ಅದು ಉಗ್ರ ಆಮ್ಲದ ಮಣ್ಣಾಗಿರಲಿಲ್ಲ.

ಅನಿರೀಕ್ಷಿತವಾದುದು ಮತ್ತೊಂದು. ನೈಟ್ರೇಟನ್ನು ಅಳೆಯಲೆಂದು ಇರಿಸಿದ್ದ ಸಂವೇದಕ ಬಲವಾದ ಸಂಕೇತವೊಂದನ್ನು ನೀಡಿತು. ಅದಷ್ಟೂ ನೈಟ್ರೇಟಿನದೇ ಆಗಬೇಕಿದ್ದರೆ ಪಾತ್ರೆಗೆ ಹಾಕಿದ ಮಣ್ಣಿಗಿಂತ ಹೆಚ್ಚು ನೈಟ್ರೇಟ್ ಇರಬೇಕಾಗುತ್ತಿತ್ತು. ಆ ಸಂವೇದಕ ಪರ್ಕ್ಲೋರೇಟ್ ಎಂಬ ಅಯಾನಿಗೆ ನೈಟ್ರೇಟಿಗಿಂತ ಬಹುಪಾಲು ಹೆಚ್ಚು ಸೂಕ್ಷ್ಮ. ಹೀಗೆ ಮಂಗಳದ ಮಣ್ಣಿನಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 0.4ರಿಂದ 0.6ರಷ್ಟು ಪರ್ಕ್ಲೋರೇಟ್ ಇರುವುದು ಬೆಳಕಿಗೆ ಬಂದಿತು.

ಪರ್ಕ್ಲೋರೇಟ್ ಎಂದರೆ ಒಂದು ಕ್ಲೋರಿನ್ ಪರಮಾಣುವಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಸೇರಿದ ಅಯಾನು. ಅದರ ಗುಣ ದ್ವಿಮುಖವಾದುದು. ಮನುಷ್ಯನ ಥೈರಾಯ್ಡ್ ಗ್ರಂಥಿಗೆ ಅದು ಅಯೋಡಿನ್ ಸಿಗದಂತೆ ತಡೆಯುತ್ತದೆ. ಆದರೆ ಭೂಮಿಯ ಕೆಲವು ಸೂಕ್ಷ್ಮಜೀವಿಗಳು ಅದನ್ನೇ ಆಮ್ಲಜನಕಕ್ಕೆ ಬದಲಾಗಿ ಉಸಿರಾಟಕ್ಕೆ ಬಳಸುತ್ತವೆ. ಅದರ ಲವಣಗಳು ಕರಗಿದ ನೀರು ಶೂನ್ಯಕ್ಕಿಂತ ಹಲವು ಹತ್ತು ಡಿಗ್ರಿ ಕೆಳಗೂ ಹೆಪ್ಪುಗಟ್ಟದೆ ಉಳಿಯಬಲ್ಲದು. ಮಂಗಳದ ಚಳಿಯಲ್ಲಿ ಅದು ಬಹಳ ಸ್ಥಿರವಾದ ವಸ್ತು. ನೂರಾರು ಡಿಗ್ರಿಗೆ ಕಾಯಿಸಿದಾಗ ಮಾತ್ರ ಆಮ್ಲಜನಕವನ್ನು ಬಿಟ್ಟುಕೊಟ್ಟು ಸುತ್ತಲಿನ ಇಂಗಾಲ ಸಂಯುಕ್ತಗಳನ್ನು ಸುಟ್ಟುಬಿಡುತ್ತದೆ. ರಾಕೆಟ್ಟುಗಳ ಘನ ಇಂಧನದಲ್ಲಿ ಅದನ್ನು ಬಳಸುವುದೂ ಈ ಗುಣದಿಂದಲೇ.

4. ಹಳೆಯ ಉತ್ತರದ ಮರುವಿಚಾರಣೆ

ಈ ಕೊನೆಯ ಗುಣವೇ ವೈಕಿಂಗ್‌ನ ಫಲಿತಾಂಶವನ್ನು ಮತ್ತೆ ನೋಡುವಂತೆ ಮಾಡಿತು. ಇಂಗಾಲ ಸಂಯುಕ್ತಗಳಿವೆಯೇ ಎಂದು ತಿಳಿಯಲು ವೈಕಿಂಗ್ ಮಣ್ಣನ್ನು ಕಾಯಿಸಿತ್ತು. ಅಲ್ಲಿಯೂ ಪರ್ಕ್ಲೋರೇಟ್ ಇದ್ದಿದ್ದರೆ, ಆ ಬಿಸಿಯೇ ಹುಡುಕುತ್ತಿದ್ದ ವಸ್ತುವನ್ನು ನಾಶಮಾಡಿರಬಹುದು. ಮೆಕ್ಸಿಕೋದ ರಫಾಯೆಲ್ ನವಾರೋ-ಗೊನ್ಸಾಲೆಸ್ ಮತ್ತು ಅವರ ಸಹೋದ್ಯೋಗಿಗಳು ಚಿಲಿ ದೇಶದ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ ಕಾಯಿಸಿ, 2010ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮಣ್ಣಿನಲ್ಲಿದ್ದ ಇಂಗಾಲ ಸಂಯುಕ್ತಗಳು ಬಹುಪಾಲು ಉರಿದುಹೋದವು. ಉಳಿದು ಕಂಡವುಗಳಲ್ಲಿ ಕ್ಲೋರೋಮೀಥೇನ್ ಮತ್ತು ಡೈಕ್ಲೋರೋಮೀಥೇನ್ ಇದ್ದವು. 1976ರಲ್ಲಿ ಶುಚಿಕಾರಕದ ಶೇಷವೆಂದು ಬದಿಗಿರಿಸಿದ್ದುದೂ ಇವನ್ನೇ.

ಇದರಿಂದ ವಿವಾದ ಮುಗಿಯಿತೆಂದು ಭಾವಿಸಬಾರದು. ಬೀಮನ್ ಈ ಮರುವ್ಯಾಖ್ಯಾನವನ್ನು 2011ರಲ್ಲಿ ಆಕ್ಷೇಪಿಸಿದರು. ವೈಕಿಂಗ್ ಇಳಿದ ಎರಡು ಸ್ಥಳಗಳಲ್ಲಿ ಪರ್ಕ್ಲೋರೇಟನ್ನು ನೇರವಾಗಿ ಅಳೆದದ್ದಿಲ್ಲ ಎಂಬುದೂ ನಿಜ. ಲೆವಿನ್ ಪ್ರಯೋಗದ ಅನಿಲಕ್ಕೂ ಜೀವವಿಲ್ಲದ ವಿವರಣೆ ಸಾಧ್ಯವೆಂದು 2013ರ ಅಧ್ಯಯನವೊಂದು ತೋರಿಸಿತು. ವಿಕಿರಣಕ್ಕೆ ಒಡ್ಡಿದ ಪರ್ಕ್ಲೋರೇಟಿನಿಂದ ಹುಟ್ಟುವ ಹೈಪೋಕ್ಲೋರೈಟ್ ಮುಂತಾದವು ಪೋಷಕಗಳನ್ನು ಒಡೆಯಬಲ್ಲವು. ಹೀಗೆ ಒಂದೇ ಲವಣ 'ಇಲ್ಲ' ಎಂದ ಸಾಕ್ಷಿಯ ಬಲವನ್ನೂ 'ಇದೆ' ಎಂದ ಸಾಕ್ಷಿಯ ಬಲವನ್ನೂ ಒಟ್ಟಿಗೆ ಕುಗ್ಗಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವೈಕಿಂಗ್‌ನ ಉಪಕರಣಗಳು ಕೆಟ್ಟಿರಲಿಲ್ಲ, ವಿಜ್ಞಾನಿಗಳು ಅಜಾಗರೂಕರೂ ಆಗಿರಲಿಲ್ಲ. ಮಣ್ಣಿನ ಸ್ವಭಾವವನ್ನು ತಿಳಿಯುವ ಮೊದಲೇ ಮಣ್ಣಿನಲ್ಲಿರುವ ಜೀವವನ್ನು ಕೇಳಲಾಯಿತು. ಪ್ರಶ್ನೆಗಳ ಕ್ರಮ ತಲೆಕೆಳಗಾಗಿತ್ತು. ಅಗ್ಗದ, ಸಾಧಾರಣವೆಂದು ಕಾಣುವ ಲವಣಪರೀಕ್ಷೆ ಮೊದಲು ನಡೆದಿದ್ದರೆ 1976ರ ಸಾಕ್ಷ್ಯವನ್ನು ಓದುವ ರೀತಿಯೇ ಬೇರೆಯಾಗುತ್ತಿತ್ತು.

5. ಗೇಲ್ ಮತ್ತು ಜೆಜೆರೋ ಕುಳಿಗಳು

2012ರ ಆಗಸ್ಟಿನಲ್ಲಿ ಗೇಲ್ ಎಂಬ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಸಂಚಾರಿ ನೌಕೆ ಈ ಪಾಠವನ್ನು ಅರಗಿಸಿಕೊಂಡ ನೌಕೆ. ಅದು 'ಜೀವವಿದೆಯೇ' ಎಂದು ಕೇಳದೆ 'ಜೀವ ಬಾಳಬಹುದಾದ ಪರಿಸರ ಇತ್ತೇ' ಎಂದು ಕೇಳಿತು. 2013ರ ಫೆಬ್ರವರಿಯಲ್ಲಿ ಅದು ಒಂದು ಕೆಸರುಗಲ್ಲನ್ನು ಸುಮಾರು 6 ಸೆಂಟಿಮೀಟರ್ ಆಳಕ್ಕೆ ಕೊರೆಯಿತು. ಹೊರಬಂದ ಪುಡಿ ಕೆಂಪಾಗಿರದೆ ಬೂದುಬಣ್ಣದ್ದಾಗಿತ್ತು. ಗ್ರಹದ ಕೆಂಪು ತೆಳುವಾದ ಹೊದಿಕೆಯೆಂದೂ ಅದರ ಕೆಳಗೆ ಉತ್ಕರ್ಷಣಕ್ಕೆ ಪೂರ್ಣವಾಗಿ ಈಡಾಗದ ವಸ್ತು ಉಳಿದಿದೆಯೆಂದೂ ಇದರಿಂದ ತಿಳಿಯಿತು. ಆ ಪುಡಿಯಲ್ಲಿ ಸುಮಾರು ಐದನೆಯ ಒಂದು ಭಾಗ ಜೇಡಿ ಖನಿಜವಿತ್ತು. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ, ರಂಜಕ, ಗಂಧಕ ಇವು ಆರೂ ಇದ್ದವು. ಗಂಧಕ ಒಂದಕ್ಕಿಂತ ಹೆಚ್ಚು ಉತ್ಕರ್ಷಣ ಸ್ಥಿತಿಗಳಲ್ಲಿತ್ತು. ಭೂಮಿಯಲ್ಲಿ ಬಂಡೆಯನ್ನೇ ನೆಚ್ಚಿ ಬಾಳುವ ಸೂಕ್ಷ್ಮಜೀವಿಗಳು ಇಂಥ ವ್ಯತ್ಯಾಸದಿಂದಲೇ ಶಕ್ತಿಯನ್ನು ಪಡೆಯುತ್ತವೆ. ನೀರು ಅತಿ ಹುಳಿಯೂ ಅಲ್ಲದ, ಅತಿ ಉಪ್ಪೂ ಅಲ್ಲದ ಸರೋವರವೊಂದು ಅಲ್ಲಿ ಸುಮಾರು 350 ಕೋಟಿ ವರ್ಷಗಳ ಹಿಂದೆ ಇತ್ತೆಂಬ ನಿರ್ಣಯಕ್ಕೆ ಇವು ಆಧಾರವಾದವು.

ಗೇಲ್ ಕುಳಿಯಲ್ಲಿಯೂ ಪರ್ಕ್ಲೋರೇಟಿನ ಜಾತಿಯ ಸಂಯುಕ್ತಗಳು ಕಂಡವು. ನೌಕೆಯೊಳಗಿನ ಪ್ರಯೋಗಾಲಯದಲ್ಲಿ ಭೂಮಿಯಿಂದ ಒಯ್ದ ರಾಸಾಯನಿಕವೊಂದರ ಸೋರಿಕೆಯೂ ಇತ್ತು. ಹೀಗಾಗಿ ಕಂಡ ಪ್ರತಿಯೊಂದು ಇಂಗಾಲ ಸಂಯುಕ್ತವೂ ಮಂಗಳದ್ದೋ ಭೂಮಿಯದ್ದೋ ಎಂದು ತೂಗಿ ನೋಡಬೇಕಾಯಿತು. ಈ ಪರಿಶೀಲನೆಯ ಅನಂತರವೇ 2014ರಲ್ಲಿ ಕ್ಲೋರೋಬೆಂಜೀನ್, 2018ರಲ್ಲಿ ಗಂಧಕಯುಕ್ತ ಥಯೋಫೀನ್‌ಗಳು, 2025ರಲ್ಲಿ ಹತ್ತರಿಂದ ಹನ್ನೆರಡು ಇಂಗಾಲ ಪರಮಾಣುಗಳ ಸರಪಳಿಯುಳ್ಳ ಡೆಕೇನ್, ಅನ್‌ಡೆಕೇನ್, ಡೋಡೆಕೇನ್‌ಗಳು ಪ್ರಕಟವಾದವು. ವೈಕಿಂಗ್ ಕಾಣದ ಇಂಗಾಲ ಮಂಗಳದಲ್ಲಿ ಇದೆ ಎಂಬುದು ಸಿದ್ಧವಾಯಿತು. ಅದು ಜೀವದಿಂದ ಬಂದಿತೇ ಎಂಬುದು ಸಿದ್ಧವಾಗಲಿಲ್ಲ.

ಈ ಶೋಧದಲ್ಲಿ ಕರ್ನಾಟಕದ ನೆಲದಿಂದ ನಡೆದ ಪ್ರಯತ್ನವೂ ಒಂದಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆಯನ್ನು ಸೇರಿದ ಭಾರತದ ಮಂಗಳಯಾನವನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಿಯಂತ್ರಿಸಲಾಯಿತು. ಅದರ ಸಂಕೇತಗಳನ್ನು ಬ್ಯಾಲಾಳಿನ ಆಂಟೆನಾಗಳು ಸ್ವೀಕರಿಸಿದವು. ಅದರ ಐದು ಉಪಕರಣಗಳಲ್ಲಿ ಒಂದು ಮೀಥೇನ್ ಸಂವೇದಕ. ಮೀಥೇನನ್ನು ಜೀವಿಗಳೂ ಉತ್ಪಾದಿಸುತ್ತವೆ, ಬಂಡೆ ಮತ್ತು ನೀರಿನ ಕ್ರಿಯೆಯಿಂದಲೂ ಅದು ಹುಟ್ಟುತ್ತದೆ. ಮೀಥೇನಿನ ಪ್ರಮಾಣವನ್ನು ನಿರ್ಣಯಿಸುವುದು ಆ ಸಂವೇದಕಕ್ಕೆ ಸಾಧ್ಯವಾಗಲಿಲ್ಲ. ಅದರ ದತ್ತಾಂಶ ಗ್ರಹದ ಮೇಲ್ಮೈಯ ಬೆಳಕಿನ ಪ್ರತಿಫಲನದ ನಕ್ಷೆಗೆ ಒದಗಿತು. ಕ್ಯೂರಿಯಾಸಿಟಿ ನೆಲಮಟ್ಟದಲ್ಲಿ ಅತ್ಯಲ್ಪ ಮೀಥೇನನ್ನು, ಅದೂ ಋತುಗಳೊಂದಿಗೆ ಏರಿಳಿಯುವುದನ್ನು ಕಂಡರೆ, ಯೂರೋಪಿನ ಕಕ್ಷಾನೌಕೆ ವಾತಾವರಣದಲ್ಲಿ ಅದನ್ನು ಕಾಣಲೇ ಇಲ್ಲ. ಇಲ್ಲಿಯೂ ಎರಡು ಸಾಕ್ಷ್ಯಗಳು ಹೊಂದದೆ ನಿಂತಿವೆ.

ಪರ್ಸಿವರೆನ್ಸ್ ನೌಕೆ 2021ರ ಫೆಬ್ರವರಿ 18ರಂದು ಜೆಜೆರೋ ಕುಳಿಯಲ್ಲಿ ಇಳಿಯಿತು. 2024ರ ಜುಲೈನಲ್ಲಿ ಅದು ಪರೀಕ್ಷಿಸಿದ ಬಂಡೆಯೊಂದರಲ್ಲಿ ಚಿರತೆಯ ಮೈಯನ್ನು ನೆನಪಿಸುವ ಕಲೆಗಳಿದ್ದವು. ಅವುಗಳಲ್ಲಿ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಹಾಗೂ ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ ಇರುವುದನ್ನು ಸೂಚಿಸುವ ಅಧ್ಯಯನ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಭೂಮಿಯಲ್ಲಿ ಇಂಥ ಖನಿಜಗಳು ಅನೇಕ ವೇಳೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ರೂಪುಗೊಳ್ಳುತ್ತವೆ, ಜೀವವಿಲ್ಲದೆಯೂ ರೂಪುಗೊಳ್ಳಬಲ್ಲವು. ಆದುದರಿಂದಲೇ ವಿಜ್ಞಾನಿಗಳು ಅದನ್ನು 'ಸಂಭಾವ್ಯ ಜೀವಕುರುಹು' ಎಂದು ಕರೆದರೇ ಹೊರತು ಜೀವದ ಕುರುಹೆಂದು ಕರೆಯಲಿಲ್ಲ. ಈ ಒಂದು ವಿಶೇಷಣದ ಬೆಲೆಯನ್ನು ಕಲಿಸಿದ್ದು ವೈಕಿಂಗ್‌ನಿಂದೀಚಿನ ಅನುಭವ.

6. 'ಸಾವಯವ' ಎಂಬ ಪದದ ತೊಡಕು

ಈ ಶೋಧದ ವಾರ್ತೆ ಕನ್ನಡಕ್ಕೆ ಬರುವಾಗ 'ಮಂಗಳದಲ್ಲಿ ಸಾವಯವ ವಸ್ತು ಪತ್ತೆ' ಎಂಬ ರೂಪವನ್ನು ತಾಳುವುದು ಸಹಜ. ಕನ್ನಡದ ಓದುಗನಿಗೆ 'ಸಾವಯವ' ಎಂದೊಡನೆ ನೆನಪಾಗುವುದು ಸಾವಯವ ಗೊಬ್ಬರ, ಸಾವಯವ ಕೃಷಿ. ಸೆಗಣಿ, ಎಲೆ, ಕಸಕಡ್ಡಿ ಕೊಳೆತು ಆದ ವಸ್ತು ಅದು. ಒಂದು ಕಾಲಕ್ಕೆ ಜೀವವಿದ್ದ ವಸ್ತು. ಈ ಅರ್ಥದಲ್ಲಿ ಓದಿದರೆ ವಾರ್ತೆಯ ತಾತ್ಪರ್ಯ ಮಂಗಳದಲ್ಲಿ ಜೀವವಿತ್ತು ಎಂದೇ ಆಗುತ್ತದೆ. ವಿಜ್ಞಾನಿ ಹೇಳಿದ್ದು ಅದಲ್ಲ. ಆತ ಹೇಳಿದ್ದು ಇಂಗಾಲ ಮತ್ತು ಜಲಜನಕಗಳು ಕೂಡಿದ ಅಣುಗಳ ಮಾತು. ಜೀವದ ಸಂಪರ್ಕವೇ ಇಲ್ಲದ ಮರ್ಚಿಸನ್ ಉಲ್ಕೆಯ ಅಮೈನೋ ಆಮ್ಲಗಳೂ ಈ ವರ್ಗಕ್ಕೆ ಸೇರಿದವು.

ತೊಡಕು ಕನ್ನಡ ಸೃಷ್ಟಿಸಿದ್ದಲ್ಲ. ಯೂರೋಪಿನಲ್ಲಿ ಈ ಸಂಯುಕ್ತಗಳು ಜೀವಿಗಳ ಅಂಗಗಳಲ್ಲಿ ಮಾತ್ರ ಹುಟ್ಟುತ್ತವೆಂದು ನಂಬಿದ್ದ ಕಾಲದಲ್ಲಿ ಅಂಗವಾಚಕ ಪದದಿಂದ ಈ ಹೆಸರು ರೂಪುಗೊಂಡಿತು. 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಾಲಯದಲ್ಲಿ ಯೂರಿಯವನ್ನು ತಯಾರಿಸಿದ ಮೇಲೆ ಆ ನಂಬಿಕೆ ಕ್ರಮೇಣ ಬಿದ್ದುಹೋಯಿತು, ಹೆಸರು ಉಳಿಯಿತು. ಅದರ ಅನುವಾದವಾದ 'ಸ-ಅವಯವ' ಬಿದ್ದುಹೋದ ನಂಬಿಕೆಯನ್ನೂ ತನ್ನೊಡನೆ ಹೊತ್ತು ತಂದಿತು.

ನೆರೆಯ ಭಾಷೆಗಳು ಇದನ್ನು ಹೇಗೆ ನಿರ್ವಹಿಸಿವೆಯೆಂಬುದು ಹೊರನಾಡುಗಳಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿಗಳಿಗೆ ಸುಲಭವಾಗಿ ಕಾಣಸಿಗುವ ಸಂಗತಿ. ದೆಹಲಿಯ ವಿದ್ಯಾರ್ಥಿ ಹಿಂದಿಯಲ್ಲಿ ರಸಾಯನಕ್ಕೆ 'ಕಾರ್ಬನಿಕ್' ಎಂದೂ ಬೇಸಾಯಕ್ಕೆ 'ಜೈವಿಕ್' ಎಂದೂ ಎರಡು ಪದಗಳನ್ನು ಕಾಣುತ್ತಾನೆ. ಚೆನ್ನೈಯಲ್ಲಿ ರಸಾಯನ 'ಕರಿಮ' ಎನಿಸಿದರೆ ಬೇಸಾಯ ನಿಸರ್ಗವಾಚಕವಾದ 'ಇಯರ್ಕೈ' ಎನಿಸುತ್ತದೆ. ಹೈದರಾಬಾದಿನಲ್ಲಿ ರಸಾಯನಕ್ಕೆ 'ಕರ್ಬನ', ಬೇಸಾಯಕ್ಕೆ 'ಸೇಂದ್ರೀಯ'. ಈ ಮೂರು ಭಾಷೆಗಳೂ ಇಂಗಾಲದ ರಸಾಯನವನ್ನು ಜೀವದ ಗೊಬ್ಬರದಿಂದ ಬೇರ್ಪಡಿಸಿವೆ. ಮರಾಠಿಯಲ್ಲಿ 'ಸೇಂದ್ರಿಯ' ಎಂಬುದು ಎರಡಕ್ಕೂ ಸಲ್ಲುತ್ತದೆ; ಆದುದರಿಂದ ಮುಂಬಯಿ, ಪುಣೆಗಳ ಓದುಗ ಎರಡೂ ಭಾಷೆಗಳಲ್ಲಿ ಒಂದೇ ತೊಡಕನ್ನು ಎದುರಿಸುತ್ತಾನೆ.

ಬಳಕೆಯಲ್ಲಿ ಊರಿದ ಪದವನ್ನು ಕಿತ್ತುಹಾಕುವುದು ಸುಲಭವೂ ಅಲ್ಲ, ಎಲ್ಲೆಡೆ ಅಗತ್ಯವೂ ಅಲ್ಲ. ಆದರೆ ಅನ್ಯಗ್ರಹಗಳ ಜೀವಶೋಧವನ್ನು ಬರೆಯುವಾಗ ನಾಲ್ಕು ಅರ್ಥಗಳನ್ನು ಬೇರೆ ಬೇರೆಯಾಗಿ ಇರಿಸಿಕೊಳ್ಳುವುದು ಅನಿವಾರ್ಯ. ಇಂಗಾಲದ ಅಣುಗಳಿಗೆ 'ಇಂಗಾಲ ಸಂಯುಕ್ತ'. ಜೀವಿಗಳಿಂದ ಉಂಟಾದುದಕ್ಕೆ ಮಾತ್ರ 'ಜೈವಿಕ'. ಜೀವ ಬಾಳಬಹುದಾದ ಸ್ಥಿತಿಗೆ 'ಜೀವಯೋಗ್ಯತೆ'. ಜೀವವನ್ನು ಸೂಚಿಸಬಹುದಾದ ಲಕ್ಷಣಕ್ಕೆ 'ಜೀವಕುರುಹು'. ಗೇಲ್ ಕುಳಿಯಲ್ಲಿ ಮೊದಲನೆಯದೂ ಮೂರನೆಯದೂ ದೊರೆತಿವೆ. ಜೆಜೆರೋದಲ್ಲಿ ನಾಲ್ಕನೆಯದರ ಸಂಭವ ಕಂಡಿದೆ. ಎರಡನೆಯದು ಎಲ್ಲಿಯೂ ಸಿದ್ಧಪಟ್ಟಿಲ್ಲ. ಈ ನಾಲ್ಕು ಪದಗಳಿಲ್ಲದಿದ್ದರೆ ಈ ವಾಕ್ಯವನ್ನು ಕನ್ನಡದಲ್ಲಿ ಹೇಳುವುದೇ ಕಷ್ಟ.

7. ಉಪಸಂಹಾರ

ಒಟ್ಟಿನಲ್ಲಿ, ಮಂಗಳದ ಮಣ್ಣಿನ ಅಧ್ಯಯನ ಕಲಿಸುವ ಮುಖ್ಯ ಪಾಠ ವಿಧಾನಕ್ಕೆ ಸಂಬಂಧಿಸಿದ್ದು. ಪರೀಕ್ಷೆಯೊಂದು ನೀಡುವ 'ಇಲ್ಲ' ಎಂಬ ಉತ್ತರ ಆ ಪರೀಕ್ಷೆಯ ಮಿತಿಯೊಳಗಿನ 'ಇಲ್ಲ'. ಹುಡುಕುವ ವಿಧಾನವೇ ಹುಡುಕುವ ವಸ್ತುವನ್ನು ಸುಟ್ಟಿರಬಹುದು. ಹಸ್ತಪ್ರತಿಯೊಂದರ ಕಾಲವನ್ನೋ ಶಾಸನವೊಂದರ ಪಾಠವನ್ನೋ ನಿರ್ಣಯಿಸುವ ಕನ್ನಡ ಸಂಶೋಧಕನಿಗೂ ಇದು ಅಪರಿಚಿತ ಸಂಗತಿಯಲ್ಲ: ದೊರೆಯದ ಆಧಾರ ಇಲ್ಲದ ಆಧಾರವೆಂದು ಅರ್ಥವಲ್ಲ, ದೊರೆತದ್ದೆಲ್ಲವೂ ಬಯಸಿದ್ದನ್ನೇ ಸಾಧಿಸುವುದೂ ಇಲ್ಲ.

ಜೆಜೆರೋದ ಆ ಬಂಡೆಯಿಂದ ಕೊರೆದ ತುಣುಕನ್ನು ನೌಕೆ ಒಂದು ಕೊಳವೆಯಲ್ಲಿ ಮುಚ್ಚಿ ಇರಿಸಿಕೊಂಡಿದೆ. ಅದು ಭೂಮಿಯ ಪ್ರಯೋಗಾಲಯವನ್ನು ಎಂದಾದರೂ ತಲುಪಿದರೆ, ಅದನ್ನು ಕಾಯಿಸುವ ಮೊದಲು ಅದರಲ್ಲಿರುವ ಲವಣಗಳನ್ನು ವಿಚಾರಿಸಲಾಗುವುದೆಂಬುದರಲ್ಲಿ ಸಂದೇಹವಿಲ್ಲ. ಅಂದು ಬರುವ ಉತ್ತರ ಯಾವುದೇ ಆಗಿರಲಿ, ಅದನ್ನು ಹೆಚ್ಚಿಸದೆ ಕುಗ್ಗಿಸದೆ ಹೇಳಬಲ್ಲ ಪದಗಳು ಕನ್ನಡದಲ್ಲಿ ಸಿದ್ಧವಿರಬೇಕಾದುದು ಅಗತ್ಯ.